ಕಪಾಟಿನ ಬೀಗದ ಕೈ

ಬ್ರಹ್ಮಾವರದಿಂದ ಹೊರಟು ಕೋಟ, ಕುಂದಾಪುರಗಳನ್ನು ಹಾದು ಬೈಂದೂರಿನವರೆಗೆ ಸಾಗುವ ಹೆದ್ದಾರಿಯ ಎಡಬಲಗಳಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಓದುಬರಹಕ್ಕೆ ಹೆಸರಾದ ಸೀಮೆ ಇದು. ಶಿವರಾಮ ಕಾರಂತರು ಹುಟ್ಟಿದ ಕೋಟ ಈ ದಾರಿಯಲ್ಲಿಯೇ ಇದೆ. ಕವಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ ಮೊಗೇರಿ ಬೈಂದೂರು ತಾಲ್ಲೂಕಿಗೆ ಸೇರಿದೆ. ಕತೆಗಾರ್ತಿ ವೈದೇಹಿಯವರ ಹುಟ್ಟೂರು ಕುಂದಾಪುರ. ಇಂತಹ ನೆಲದ ಪ್ರೌಢಶಾಲೆಗಳಲ್ಲಿ ಪುಸ್ತಕಗಳಿಗೆ ಬರವಿದ್ದರೆ ಆಶ್ಚರ್ಯಪಡಬೇಕು. ಸರಕಾರದಿಂದ ಬಂದವು, ದಾನಿಗಳು ಕೊಡಿಸಿದವು, ಹಳೆಯ ವಿದ್ಯಾರ್ಥಿಗಳು ತಂದೆತಾಯಿಗಳ ನೆನಪಿಗೆಂದು ಒಪ್ಪಿಸಿದವು, ಹೀಗೆ ಹತ್ತಾರು ವರ್ಷಗಳಿಂದ ಸೇರುತ್ತ ಬಂದ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲಿಯೂ ಇರುತ್ತವೆ. ಆದರೆ ಅನೇಕ ಕಡೆಗಳಲ್ಲಿ ಅವು ಇರುವುದು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟಿನಲ್ಲಿ. ಕಪಾಟಿಗೆ ಬೀಗ. ಬೀಗದ ಕೈ ಮೇಜಿನ ಸೆಳೆಖಾನೆಯಲ್ಲಿ. ಸೆಳೆಖಾನೆಗೆ ಮತ್ತೊಂದು ಬೀಗ.

ಇದರಲ್ಲಿ ಯಾರೊಬ್ಬರದೂ ಕೆಟ್ಟ ಉದ್ದೇಶವಿಲ್ಲ. ನಮ್ಮ ರಾಜ್ಯದ ಬಹುಪಾಲು ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಪ್ರತ್ಯೇಕ ಹುದ್ದೆಯೆಂಬುದಿಲ್ಲ. ಕನ್ನಡವನ್ನೋ ಹಿಂದಿಯನ್ನೋ ಬೋಧಿಸುವ ಅಧ್ಯಾಪಕರೊಬ್ಬರಿಗೆ ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿಯ ತಯಾರಿ ಇವುಗಳ ಜೊತೆಗೆ ಗ್ರಂಥಾಲಯದ ಹೊಣೆಯನ್ನೂ ಒಪ್ಪಿಸಲಾಗುತ್ತದೆ. ಅವರಿಗೆ ಉಳಿಯುವ ಬಿಡುವಿನಲ್ಲಿ ಕಪಾಟನ್ನು ಮುಚ್ಚಿಡುವುದೇ ಸುಲಭವಾದ ಕೆಲಸ. ಈ ಸ್ಥಿತಿ ಇಂದು ನಿನ್ನೆಯದೂ ಅಲ್ಲ. 1952ರಲ್ಲಿ ನೇಮಕಗೊಂಡ ಮಾಧ್ಯಮಿಕ ಶಿಕ್ಷಣ ಆಯೋಗವು ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ದೇಶದ ಶಾಲೆಗಳನ್ನು ಪರಿಶೀಲಿಸಿ, ಮರುವರ್ಷ ತನ್ನ ವರದಿಯನ್ನು ಒಪ್ಪಿಸಿತು. ಶಾಲೆಯ ಗ್ರಂಥಾಲಯಗಳ ಬಗೆಗೆ ಅದು ಬರೆದ ಮಾತುಗಳು ಕಹಿಯಾಗಿವೆ. ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ಕೇಳದೆ ಆರಿಸಿದವು. ಕೊಠಡಿ ಕಿರಿದು, ಮನಸ್ಸನ್ನು ಸೆಳೆಯದಂಥದು. ನೋಡಿಕೊಳ್ಳುವವರಿಗೆ ಪುಸ್ತಕದ ಪ್ರೀತಿಯೂ ಇಲ್ಲ, ಕೆಲಸದ ತಿಳಿವಳಿಕೆಯೂ ಇಲ್ಲವೆಂದು ಆಯೋಗ ಕಂಡುಕೊಂಡಿತು. ತರಬೇತಿ ಪಡೆದ ಗ್ರಂಥಪಾಲಕರು ಬೇಕೆಂದೂ ಅದು ಒತ್ತಿ ಹೇಳಿತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಆ ವರದಿಯ ಆ ಪುಟಗಳನ್ನು ಇಂದು ಓದಿದರೂ ಹಳತೆನಿಸುವುದಿಲ್ಲ.

ತರಬೇತಿಯೇನೋ ಈಗ ದೊರೆಯುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯವೂ ಸೇರಿ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳು ಗ್ರಂಥಾಲಯ ವಿಜ್ಞಾನವನ್ನು ಬೋಧಿಸುತ್ತವೆ. ಪುಸ್ತಕಗಳನ್ನು ವಿಷಯಕ್ಕನುಗುಣವಾಗಿ ವಿಂಗಡಿಸುವ ವರ್ಗೀಕರಣ, ಪ್ರತಿಯೊಂದರ ವಿವರವನ್ನು ಕ್ರಮವಾಗಿ ಬರೆದಿಡುವ ಸೂಚೀಕರಣ, ಗ್ರಂಥಾಲಯದ ಆಡಳಿತ, ಗಣಕಯಂತ್ರದ ಬಳಕೆ ಇವೆಲ್ಲ ಅಲ್ಲಿನ ಪಾಠಗಳು. ಕೊನೆಯಲ್ಲಿ ಕೆಲವು ವಾರಗಳ ಪ್ರಾಯೋಗಿಕ ಅಭ್ಯಾಸವೂ ಇರುತ್ತದೆ. ಈ ಅಭ್ಯಾಸಕ್ಕೆ ಅಭ್ಯರ್ಥಿಗಳು ಸಾಮಾನ್ಯವಾಗಿ ದೊಡ್ಡ ಕಾಲೇಜುಗಳ, ಸಂಸ್ಥೆಗಳ ಸುಸಜ್ಜಿತ ಗ್ರಂಥಾಲಯಗಳನ್ನು ಬಯಸುತ್ತಾರೆ. ಅದು ಸಹಜವೇ. ಆದರೆ ಶಾಲೆಯ ಗ್ರಂಥಪಾಲಕರಾಗಬೇಕೆಂಬವರು ಆ ಕೆಲವು ವಾರಗಳನ್ನು ಕಳೆಯಬೇಕಾದುದು ಬೀಗ ಹಾಕಿದ ಕಪಾಟಿನ ಮುಂದೆ, ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ. ಎಲ್ಲವೂ ಅಚ್ಚುಕಟ್ಟಾಗಿರುವ ಕಡೆ ಕಲಿಯುವುದಕ್ಕೆ ಉಳಿದಿರುವುದು ಅಲ್ಪ.

ಈ ವಿಷಯದಲ್ಲಿ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರ ಕತೆಯೇ ಸಾಕ್ಷಿ. ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶಿಯಾಳಿಯಲ್ಲಿ. ಅವರು ಗಣಿತದ ಅಧ್ಯಾಪಕರು. 1924ರ ಜನವರಿಯಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾಗಿ ನೇಮಕಗೊಂಡಾಗ ಅವರಿಗೆ ಈ ಕೆಲಸದ ಗಂಧವೂ ಇರಲಿಲ್ಲ. ದಿನವಿಡೀ ಪುಸ್ತಕಗಳ ನಡುವೆ ಒಬ್ಬರೇ ಕುಳಿತಿರಬೇಕು. ಬರುವ ಓದುಗರು ವಿರಳ. ತರಗತಿಯ ಗದ್ದಲಕ್ಕೆ ಒಗ್ಗಿದ ಮನಸ್ಸಿಗೆ ಆ ಮೌನ ಸಹಿಸಲಾರದೆ ಹೋಯಿತು. ಕೆಲವೇ ದಿನಗಳಲ್ಲಿ ಅವರು ತಾವು ಮೊದಲಿದ್ದ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ತಮ್ಮನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಪ್ರಾಂಶುಪಾಲರನ್ನು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿ, ಆಮೇಲೂ ಬೇಸರವೆನಿಸಿದರೆ ಅಧ್ಯಾಪಕ ವೃತ್ತಿಗೆ ಮರಳಬಹುದು ಎಂಬ ಒಪ್ಪಂದವಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಪಾಠಗಳನ್ನು ಕೇಳಿದರು. ಆದರೆ ಅವರನ್ನು ಬದಲಿಸಿದ್ದು ಬರಿಯ ಪಾಠವಲ್ಲ. ಅಲ್ಲಿನ ಗುರುಗಳಾದ ಬರ್ವಿಕ್ ಸೇಯರ್ಸ್ ಅವರು ಕ್ರಾಯ್ಡನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ರಂಗನಾಥನ್ ಆ ಗ್ರಂಥಾಲಯದ ವಿಭಾಗ ವಿಭಾಗಗಳಲ್ಲಿ ನಿಂತು ಕೆಲಸವನ್ನು ಕಲಿತರು. ನೂರಕ್ಕೂ ಮಿಕ್ಕಿದ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಮಕ್ಕಳೂ ಕೂಲಿಕಾರರೂ ಗೃಹಿಣಿಯರೂ ಸಂಕೋಚವಿಲ್ಲದೆ ಒಳಗೆ ಬಂದು ಪುಸ್ತಕಗಳನ್ನು ಒಯ್ಯುವುದನ್ನು ಕಂಡರು. ಒಂದು ದಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಮಾರುವವನು ತೋರಿಸುತ್ತಿದ್ದ. ಅದೇ ಲೋಹದ ಪಟ್ಟಿಗಳು, ಅದೇ ತಿರುಪುಗಳು; ಜೋಡಿಸುವ ಕ್ರಮವನ್ನು ಬದಲಿಸಿದರೆ ಒಮ್ಮೆ ಸೇತುವೆ, ಒಮ್ಮೆ ಗಾಡಿ. ಪುಸ್ತಕಗಳ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲವೆ ಎಂಬ ಆಲೋಚನೆ ಅವರಿಗೆ ಹೊಳೆದದ್ದು ಅಲ್ಲಿ. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದ ಬೀಜ ಇದು. 1925ರಲ್ಲಿ ಭಾರತಕ್ಕೆ ಮರಳುವಾಗ ಹಡಗಿನಲ್ಲಿದ್ದ ಸಣ್ಣ ಗ್ರಂಥಾಲಯವನ್ನೂ ಅವರು ಸುಮ್ಮನೆ ಬಿಡಲಿಲ್ಲ. ತಮ್ಮ ಹೊಸ ಕ್ರಮಕ್ಕೆ ತಕ್ಕಂತೆ ಅದನ್ನು ಜೋಡಿಸಿ ಪರೀಕ್ಷಿಸಿ ನೋಡಿದರು. ಗಣಿತಕ್ಕೆ ಮರಳುವ ಮಾತು ಮತ್ತೆ ಏಳಲಿಲ್ಲ. ಮುಂದೆ 1957ರಿಂದ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿಯೇ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಕೆಲಸವನ್ನು ಒಲ್ಲೆನೆಂದು ಓಡಿಬಂದವರನ್ನು ಅದೇ ಕೆಲಸಕ್ಕೆ ಜೀವಮಾನವಿಡೀ ಕಟ್ಟಿಹಾಕಿದ್ದು, ಕ್ರಾಯ್ಡನ್ನಿನಲ್ಲಿ ಕೈಯಾರೆ ಮಾಡಿದ ಮತ್ತು ಕಣ್ಣಾರೆ ಕಂಡ ಆ ಕೆಲವು ತಿಂಗಳುಗಳು.

ಕುಂದಾಪುರದ ಆಚೀಚೆಯ ಯಾವುದಾದರೊಂದು ಪ್ರೌಢಶಾಲೆಗೆ ಹೀಗೆ ಅಭ್ಯಾಸಕ್ಕೆಂದು ಬರುವ ತರುಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಜೂನ್ ತಿಂಗಳು, ಹೊರಗೆ ಧಾರಾಕಾರ ಮಳೆ. ಕಪಾಟಿನ ಬಾಗಿಲು ತೆರೆದೊಡನೆ ಅವಳ ಮೂಗಿಗೆ ಮೊದಲು ಬಡಿಯುವುದು ಬೂಷ್ಟಿನ ವಾಸನೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ತೇವದಲ್ಲಿ ಮುಚ್ಚಿದ ಕಪಾಟಿನೊಳಗಿನ ಕಾಗದ ಏನಾಗುತ್ತದೆಂಬುದನ್ನು ಯಾವ ಪಠ್ಯಪುಸ್ತಕವೂ ಮೂಗಿಗೆ ಮುಟ್ಟಿಸಲಾರದು. ಕಪಾಟನ್ನು ಗೋಡೆಗೆ ತಾಗಿಸದೆ ಒಂದು ಗೇಣು ಅಂತರ ಬಿಡಬೇಕು. ಪುಸ್ತಕಗಳನ್ನು ಇಡುಕಿ ತುಂಬದೆ ನಡುವೆ ಗಾಳಿಯಾಡಲು ಬಿಡಬೇಕು. ಮಳೆ ಬಿಟ್ಟ ದಿನ ಬಾಗಿಲನ್ನು ತೆರೆದಿಡಬೇಕು. ಬೂಷ್ಟು ಹಿಡಿದುದನ್ನು ಬಿಸಿಲಿಗೆ ಹಾಕುವುದು ಹಲವರ ಅಭ್ಯಾಸ. ಬಿಸಿಲಿನಲ್ಲಿ ಕಾಗದ ಹಳದಿಗಟ್ಟಿ ಮುರುಟಿಹೋಗುತ್ತದೆ. ನೆರಳಿನಲ್ಲಿ, ಗಾಳಿ ಬೀಸುವ ಜಗಲಿಯಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಒರಸಿ ತೆಗೆಯುವುದು ಸರಿಯಾದ ರೀತಿ. ಹರಿದ ಪುಟಕ್ಕೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅದು ಕಂದು ಕಲೆಯಾಗಿ ಉಳಿಯುತ್ತದೆ; ತೆಳುವಾದ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸುವುದು ಲೇಸು. ಆ ಅಂಟಿನ ಆಸೆಗೆ ಹುಳು ಬಾರದಿರಲೆಂದು ಪುಸ್ತಕ ಕಟ್ಟುವವರು ಅದಕ್ಕೆ ಚಿಟಿಕೆ ಮೈಲುತುತ್ತವನ್ನು ಬೆರೆಸುತ್ತಿದ್ದರು. ಮೈಲುತುತ್ತ ವಿಷವಾದುದರಿಂದ ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಅದನ್ನು ಬಳಸದಿರುವುದೇ ಕ್ಷೇಮ. ಬೇವಿನ ಎಲೆ, ನುಸಿಗುಳಿಗೆಗಳನ್ನು ಕಪಾಟಿನ ಮೂಲೆಯಲ್ಲಿಟ್ಟರೆ ಸಾಕು.

ಮೊದಲ ವಾರವೆಲ್ಲ ಹೀಗೆ ಧೂಳಿನಲ್ಲಿ ಕಳೆಯುತ್ತದೆ. ಪದವಿ ಪಡೆದವಳು ಕಸ ಗುಡಿಸಬೇಕೆ ಎಂದು ಮನೆಯವರು ಕೇಳಲೂಬಹುದು. ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಒರಸಿದವರಿಗೆ ಮಾತ್ರ ಕಪಾಟಿನಲ್ಲಿ ಏನಿದೆಯೆಂಬುದು ತಿಳಿಯುತ್ತದೆಂಬುದೇ ಆ ಪ್ರಶ್ನೆಗೆ ಉತ್ತರ. ದಾಖಲೆ ಪುಸ್ತಕದಲ್ಲಿ ಬಂದ ದಿನಾಂಕ, ಕ್ರಮಸಂಖ್ಯೆ, ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ ಎಂಬ ಕಲಮುಗಳಿರುತ್ತವೆ. ಒಂದೇ ಕಾದಂಬರಿಯ ಹಲವಾರು ಪ್ರತಿಗಳು, ಯಾರೂ ತೆರೆಯದ ವಾರ್ಷಿಕ ವರದಿಗಳು, ರಾಶಿ ಹಳೆಯ ಮಾರ್ಗದರ್ಶಿಗಳು. ಇವುಗಳ ಅಡಿಯಲ್ಲಿ ಇದ್ದಕ್ಕಿದ್ದಂತೆ ಕಾರಂತರ ‘ಬಾಲ ಪ್ರಪಂಚ’ದ ಒಂದು ಸಂಪುಟ ಸಿಕ್ಕರೆ, ಅದು ಆ ದಿನದ ಕೂಲಿ. 1936ರಲ್ಲಿ, ಕನ್ನಡದ ಮಕ್ಕಳಿಗೆಂದು ಒಬ್ಬರೇ ಕುಳಿತು ಮೂರು ಸಂಪುಟಗಳ ವಿಶ್ವಕೋಶವನ್ನು ಬರೆದ ಮನುಷ್ಯ ಇಲ್ಲಿಗೆ ಸಮೀಪದ ಕೋಟದವರೆಂಬುದನ್ನು ಆ ಶಾಲೆಯ ಮಕ್ಕಳಿಗೆ ತಿಳಿಸುವ ಸಂಧಿ ಅವಳಿಗೆ ಅಲ್ಲಿ ದೊರೆಯುತ್ತದೆ. ಇನ್ನು ಮುದ್ರೆ ಒತ್ತುವ ಕೆಲಸ. ಶಾಲೆಯ ಮುದ್ರೆಯನ್ನು ಮೊದಲ ಪುಟದ ಮೇಲಲ್ಲದೆ, ಒಳಗೆ ಗೊತ್ತುಮಾಡಿಕೊಂಡ ಒಂದು ಗುಟ್ಟಿನ ಪುಟದ ಮೇಲೂ ಒತ್ತುವುದು ಗ್ರಂಥಾಲಯಗಳ ಹಳೆಯ ಪದ್ಧತಿ. ಮೊದಲ ಪುಟವನ್ನು ಯಾರಾದರೂ ಹರಿದರೂ ಪುಸ್ತಕ ಯಾರದೆಂಬುದು ಉಳಿಯುತ್ತದೆ. ಆ ಪುಟದ ಸಂಖ್ಯೆ ಯಾವುದೆಂದು ಇಲ್ಲಿ ಹೇಳಬಾರದಷ್ಟೆ!

ವರ್ಗೀಕರಣಕ್ಕೆ ಕುಳಿತಾಗ ಪಾಠದಲ್ಲಿ ಕಲಿತುದಕ್ಕೂ ಊರಿನ ಬದುಕಿಗೂ ಜಗಳ ಹತ್ತುತ್ತದೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ ವಿಂಗಡಿಸುತ್ತದೆ. ವಿಜ್ಞಾನಕ್ಕೆ 500, ಕಲೆಗಳಿಗೆ 700, ಸಾಹಿತ್ಯಕ್ಕೆ 800. ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಪಾಟಿನಲ್ಲಿ ಕಾರಂತರ ‘ಯಕ್ಷಗಾನ ಬಯಲಾಟ’ವಿದೆ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥ. ಅದನ್ನು ಎಲ್ಲಿಡಬೇಕು? ಆಡಿ ತೋರಿಸುವುದರಿಂದ ನಾಟಕಕಲೆಯೆಂದರೆ 792. ಕುಣಿತವೆಂದರೆ 793. ಪ್ರಸಂಗಗಳು ಪದ್ಯದಲ್ಲಿರುವುದರಿಂದ ಸಾಹಿತ್ಯವೆಂದೂ ವಾದಿಸಬಹುದು. ಜಾನಪದವೆನ್ನುವವರಿಗೆ 398 ಕಾದಿದೆ. ಅಭ್ಯರ್ಥಿಯು ನಿಯಮವನ್ನು ನೋಡಿ 792 ಎಂದು ಬರೆದು, ಚಿತ್ರಕಲೆಯ ಎರಡು ಪುಸ್ತಕಗಳ ಬದಿಗೆ ಅದನ್ನು ಇಡುತ್ತಾಳೆ. ನಿಯಮದ ಪ್ರಕಾರ ಅದು ಸರಿಯೇ. ಆದರೆ ರಾತ್ರಿಯೆಲ್ಲ ಮೇಳದ ಆಟ ನೋಡಿ ಮರುದಿನ ತೂಕಡಿಸುತ್ತ ತರಗತಿಗೆ ಬರುವ ಹುಡುಗನು ಅದನ್ನು ಹುಡುಕುವುದು ಎಲ್ಲಿ? ಪ್ರಸಂಗದ ಪುಸ್ತಕಗಳ ಹತ್ತಿರ. ಆಗ ಅವಳು ಯಕ್ಷಗಾನಕ್ಕೆ ಸಂಬಂಧಿಸಿದ ಎಲ್ಲವನ್ನೂ ಒಂದೆಡೆ ತಂದು, ಹಲಗೆಯ ಅಂಚಿನಲ್ಲಿ ದೊಡ್ಡ ಅಕ್ಷರಗಳಿಂದ ‘ಯಕ್ಷಗಾನ’ ಎಂದು ಬರೆದು ಅಂಟಿಸಿದರೆ, ಡ್ಯೂಯಿಯವರಿಗೆ ಅನ್ಯಾಯವಾಗುವುದಿಲ್ಲ. ಸಂಖ್ಯೆಯನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಸಂಖ್ಯೆ ಪುಸ್ತಕದ ಬೆನ್ನಿನ ಮೇಲಿರಲಿ, ಹಲಗೆಯ ಹೆಸರು ಓದುಗನ ಮಾತಿನಲ್ಲಿರಲಿ. ಓದುಗನ ಸಮಯವನ್ನು ಉಳಿಸಿಕೊಡುವುದೂ ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದರ ತಿರುಳು.

ಎರಡನೆಯ ವಾರ ಬಾಗಿಲಲ್ಲಿ ತಲೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ಇಣುಕಿ ನೋಡಿ ಓಡುವವರು. ಆಮೇಲೆ ಒಳಗೆ ಬಂದು ಗೋಡೆಗೆ ಅಂಟಿಕೊಂಡು ನಿಲ್ಲುವವರು. ಗಂಗೊಳ್ಳಿಯ ಕಡೆಯಿಂದ ಬರುವ ಹುಡುಗನೊಬ್ಬ ಮೀನುಗಳ ಚಿತ್ರವಿರುವ ಪುಸ್ತಕವನ್ನು ಮುಟ್ಟಿ ನೋಡಿ, “ಟೀಚರೇ, ಈ ಪುಸ್ತಕ ಮನಿಗೆ ತಕಂಡ್ ಹೋಪುಕ್ ಆತ್ತಾ?” ಎಂದು ಕೇಳಿದರೆ, ಅಭ್ಯರ್ಥಿಯ ನಿಜವಾದ ಪರೀಕ್ಷೆ ಆರಂಭವಾಯಿತೆಂದೇ ತಿಳಿಯಬೇಕು. ಮನೆಗೆ ಕೊಡುವ ರೂಢಿ ಶಾಲೆಯಲ್ಲಿಲ್ಲ. ಪುಸ್ತಕ ದುಬಾರಿ. ಹೊರಗೆ ಮಳೆ. ಆ ಹುಡುಗನ ಚೀಲ ತೊಯ್ದಿದೆ. ಕೊಡಬಾರದೆನ್ನುವುದಕ್ಕೆ ಕಾರಣಗಳು ಎಷ್ಟಾದರೂ ಇವೆ. ಕೊಡಬೇಕೆನ್ನುವುದಕ್ಕೆ ಅವನು ಕೇಳಿದನೆಂಬ ಒಂದೇ ಕಾರಣವಿದೆ. ಯಂತ್ರದೋಣಿಗಳ ಮೀನುಗಾರಿಕೆಗೆ ಜೂನ್, ಜುಲೈ ತಿಂಗಳುಗಳಲ್ಲಿ ನಿಷೇಧವಿರುವುದರಿಂದ ದೋಣಿಗಳು ದಡದಲ್ಲಿರುತ್ತವೆ, ಮೀನುಗಾರರು ಮನೆಯಲ್ಲಿರುತ್ತಾರೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೊಟ್ಟ ಆ ಪುಸ್ತಕವು ಮನೆಯಲ್ಲಿ ತಂದೆಯ ಕೈಗೂ ಹೋಗಬಹುದು. ಬಂಗುಡೆಯ ಚಿತ್ರದಲ್ಲಿ ರೆಕ್ಕೆ ತಪ್ಪಾಗಿದೆಯೆಂದು ಆತ ತಪ್ಪು ಹಿಡಿಯಲೂಬಹುದು. ಪುಸ್ತಕಕ್ಕೂ ಅಂತಹ ವಿಮರ್ಶಕರು ಸುಲಭವಾಗಿ ಸಿಗುವುದಿಲ್ಲ.

ಓದಿ ತಂದ ಪುಸ್ತಕದ ಸಾರಾಂಶವನ್ನು ಬರೆದು ತೋರಿಸಬೇಕೆಂಬ ಕಟ್ಟಳೆ ಕೆಲವು ಕಡೆಗಳಲ್ಲಿದೆ. ಉದ್ದೇಶ ಒಳ್ಳೆಯದಾದರೂ ಕ್ರಮ ಒಳ್ಳೆಯದಲ್ಲ. ದಂಡ ತೆರಬೇಕಾದ ಓದಿಗೆ ಯಾರು ಬರುತ್ತಾರೆ? ಹತ್ತು ಪುಟ ಓದಿ ಹಿಡಿಸಲಿಲ್ಲವೆಂದು ಹಿಂದಿರುಗಿಸುವ ಹುಡುಗಿಗೆ, ಏಕೆ ಹಿಡಿಸಲಿಲ್ಲವೆಂದು ಕೇಳಿ, ಮತ್ತೊಂದನ್ನು ಅವಳ ಮುಂದಿಡುವುದು ಗ್ರಂಥಪಾಲಕರ ಕೆಲಸ. ಮೂರನೆಯದೋ ನಾಲ್ಕನೆಯದೋ ಹಿಡಿಸುತ್ತದೆ. ಯಾವ ಮಗುವಿಗೆ ಯಾವುದು ಹಿಡಿಸಿತೆಂಬ ಈ ನೆನಪನ್ನು ಯಾವ ವರ್ಗೀಕರಣದ ಸಂಖ್ಯೆಯೂ ಹೊತ್ತುಕೊಳ್ಳುವುದಿಲ್ಲ. ಅದು ಆ ಕೊಠಡಿಯಲ್ಲಿ ನಿಂತವರಲ್ಲಿ ಮಾತ್ರ ಬೆಳೆಯುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಪುಸ್ತಕ ಹಿಂದಕ್ಕೆ ಬಾರದಿದ್ದರೆ? ಕಪಾಟಿಗೆ ಬೀಗ ಬಿದ್ದಿರುವುದು ಈ ಭಯದಿಂದಲೇ. ಲೆಕ್ಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಮೆಯಾದರೆ ಹೊಣೆ ಹೊತ್ತ ಅಧ್ಯಾಪಕರು ತಮ್ಮ ಕೈಯಿಂದ ಹಣ ತುಂಬಬೇಕಾದೀತೆಂಬ ಅಂಜಿಕೆ ಎಲ್ಲೆಡೆಯೂ ಇದೆ. ಯಾರೂ ಓದದ ಸಾವಿರ ಪುಸ್ತಕಗಳಿಗೆ ಯಾವ ತಪಾಸಕನೂ ಆಕ್ಷೇಪವೆತ್ತುವುದಿಲ್ಲ; ಓದಲೆಂದು ಕೊಟ್ಟು ಕಳೆದುಹೋದ ಒಂದಕ್ಕೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಹೀಗಿರುವಾಗ ಬುದ್ಧಿವಂತರಾದವರು ಬೀಗವನ್ನು ಹಾಕದೆ ಇನ್ನೇನು ಮಾಡಿಯಾರು?

ಆದರೆ ಹಣಕಾಸಿನ ನಿಯಮಗಳು ಈ ವಿಷಯದಲ್ಲಿ ಜನ ಭಾವಿಸಿರುವಷ್ಟು ನಿರ್ದಯವಾಗಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ಒಂದು ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಆ ನಷ್ಟವನ್ನು ಸಹಜವೆಂದು ಪರಿಗಣಿಸಬಹುದೆಂದು ಅದು ಹೇಳುತ್ತದೆ. ಈ ನಿಯಮ ಕೇಂದ್ರದ ಕಚೇರಿಗಳಿಗೆಂದು ಬರೆದುದು. ಆದರೂ ಅದರ ಹಿಂದಿನ ವಿವೇಕ ಹಳ್ಳಿಯ ಶಾಲೆಗೂ ಸಲ್ಲುವಂಥದು. ಲೆಕ್ಕವನ್ನು ಗಮನವಿಟ್ಟು ನೋಡಬೇಕು: ವಿನಾಯಿತಿ ಇರುವುದು ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಗಲ್ಲ, ಹೊರಗೆ ಕೊಟ್ಟ ಪುಸ್ತಕಗಳ ಸಂಖ್ಯೆಗೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ವಿನಾಯಿತಿ. ಏನೂ ಕೊಡದವರಿಗೆ ಏನೂ ಇಲ್ಲ. ಬೀಗ ಹಾಕಿದ ಕಪಾಟಿನಿಂದ ಒಂದು ಪುಸ್ತಕ ಕಾಣೆಯಾದರೆ ಅದಕ್ಕೆ ಈ ನಿಯಮದಲ್ಲಿ ಸಮಾಧಾನವಿಲ್ಲ. ಇಂತಹ ವಿನಾಯಿತಿಯನ್ನು ಪ್ರತಿಯೊಂದು ಶಾಲೆಗೂ ಲಿಖಿತವಾಗಿ ತಿಳಿಸಿ, ಹೊಣೆ ಹೊತ್ತವರ ಅಂಜಿಕೆಯನ್ನು ಕಳೆಯಬೇಕಾದುದು ಶಿಕ್ಷಣ ಇಲಾಖೆಯ ಕರ್ತವ್ಯ.

ಕಾಪಾಡಿಡುವುದೂ ಒಂದು ದೊಡ್ಡ ಕೆಲಸವೇ ಅಲ್ಲವೆ ಎಂದು ಹಿರಿಯರು ಕೇಳಬಹುದು. ಕೇಳುವುದು ನ್ಯಾಯ. ಇಲ್ಲಿಂದ ದೂರವಲ್ಲದ ಮೂಡುಬಿದಿರೆಯ ಜೈನ ಬಸದಿಯಲ್ಲಿ ‘ಧವಲಾ’ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಅಷ್ಟು ಕಟ್ಟುನಿಟ್ಟಾಗಿ ಕಾಯದೆ ಹೋಗಿದ್ದರೆ ಈ ಮಳೆಯ ಸೀಮೆಯಲ್ಲಿ ಅವು ಎಂದೋ ಮಣ್ಣಾಗುತ್ತಿದ್ದವು. ಅವನ್ನು ಕಾದವರಿಗೆ ನಾಡು ಋಣಿಯಾಗಿದೆ. ಆದರೆ ಆ ಶತಮಾನಗಳಲ್ಲಿ ಭಕ್ತರು ಅವುಗಳ ದರ್ಶನ ಪಡೆದರೇ ಹೊರತು ಅವನ್ನು ಓದಿದವರು ತೀರ ಕಡಮೆ. ಕಷ್ಟಪಟ್ಟು ಪ್ರತಿ ಮಾಡಿಸಿ, 1939ರಿಂದ ವಿದ್ವಾಂಸ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ‘ಧವಲಾ’ದ ಸಂಪುಟಗಳು ಅಚ್ಚಾಗತೊಡಗಿದ ಮೇಲೆಯೇ ಅವುಗಳಲ್ಲಿ ಏನಿದೆಯೆಂಬುದು ಲೋಕಕ್ಕೆ ತಿಳಿದದ್ದು. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ತಾಳೆಗರಿಗೆ ಬೀಗ ಬೇಕು. ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಮತ್ತೊಂದು ಪ್ರತಿ ದೊರೆಯುವ ಕಥಾಸಂಕಲನವನ್ನು ಅದೇ ಭಕ್ತಿಯಿಂದ ಕಾಯುವುದು ವಿಚಿತ್ರವಾಗಿದೆ. ಯಾವುದಕ್ಕೆ ಯಾವ ಬಗೆಯ ಕಾವಲು ಎಂಬ ತಾರತಮ್ಯವೂ ಅಭ್ಯರ್ಥಿಯ ಕಲಿಕೆಯ ಒಂದು ಭಾಗ.

ಗಣಕಯಂತ್ರವಿರುವಾಗ ಈ ರಿಜಿಸ್ಟರು, ಮುದ್ರೆಗಳ ಗೊಡವೆಯೇಕೆ ಎಂಬ ಮಾತೂ ಇದೆ. ಯಂತ್ರವಿದ್ದ ಕಡೆ ಅದನ್ನು ಬಳಸಲಿ. 2000ದಲ್ಲಿ ನ್ಯೂಜಿಲೆಂಡಿನ ಒಂದು ಗ್ರಾಮೀಣ ಪ್ರದೇಶದ ಗ್ರಂಥಾಲಯದಲ್ಲಿ ಬಳಕೆಗೆ ಬಂದ ‘ಕೋಹಾ’ ಎಂಬ ಉಚಿತ ತಂತ್ರಾಂಶವನ್ನು ಇಂದು ನಮ್ಮ ಅನೇಕ ಕಾಲೇಜುಗಳೂ ಬಳಸುತ್ತಿವೆ. ಆದರೆ ಒಂದು ಕಪಾಟಿನ ಶಾಲೆಗೆ ನೂರು ಪುಟದ ನೋಟುಬುಕ್ಕು ಸಾಕು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಪುಟ. ಕೊಟ್ಟ ದಿನ, ಪುಸ್ತಕದ ಸಂಖ್ಯೆ, ಬಂದ ದಿನ. ವಿದ್ಯುತ್ತು ಹೋದರೂ ಅದು ನಡೆಯುತ್ತದೆ. ಆಷಾಢದಲ್ಲಿ ಈ ಕಡೆ ವಿದ್ಯುತ್ತಿನ ಭರವಸೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಊರಿನ ಗ್ರಾಮ ಪಂಚಾಯತಿಯ ಗ್ರಂಥಾಲಯದೊಡನೆ ಶಾಲೆಯನ್ನು ಜೋಡಿಸುವ ಕೆಲಸವೂ ಅಭ್ಯರ್ಥಿಯಿಂದ ಸಾಧ್ಯ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುವ ಏರ್ಪಾಡಾಯಿತು. ಸದಸ್ಯತ್ವದ ಚೀಟಿಯನ್ನು ಕೊಟ್ಟರೆ ಸಾಲದು. ಒಮ್ಮೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಬಾಗಿಲು ತೋರಿಸಿ ಬರಬೇಕು.

ನಿಜವಾದ ತೊಡಕು ಇರುವುದು ಅಭ್ಯಾಸದ ಅವಧಿ ಮುಗಿದ ಮೇಲೆ. ಕೆಲವು ವಾರಗಳಲ್ಲಿ ಕಪಾಟು ತೆರೆಯಿತು, ಹಲಗೆಗಳಿಗೆ ಹೆಸರು ಬಂತು, ನೋಟುಬುಕ್ಕು ತುಂಬತೊಡಗಿತು. ಅಭ್ಯರ್ಥಿ ತನ್ನ ವರದಿಯನ್ನು ಬರೆದುಕೊಂಡು ಹೊರಟುಹೋಗುತ್ತಾಳೆ. ಹುದ್ದೆಯಿಲ್ಲದ ಶಾಲೆಯಲ್ಲಿ ಅವಳ ಜಾಗಕ್ಕೆ ಬರುವವರಾರು? ಹುದ್ದೆಗಳು ಸೃಷ್ಟಿಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಾಗುವವರೆಗೆ ಶಾಲೆಯಲ್ಲಿ ಬಹುಕಾಲ ಉಳಿಯುವವರ ಕೈಗೆ ಕೆಲಸವನ್ನು ಒಪ್ಪಿಸುವುದೊಂದೇ ದಾರಿ. ಅಧ್ಯಾಪಕರಿಗೆ ವರ್ಗವಾಗುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಇನ್ನೂ ಎರಡು ವರ್ಷ ಅಲ್ಲಿಯೇ ಇರುತ್ತಾರೆ. ಆದ್ದರಿಂದ ಅಭ್ಯರ್ಥಿಯು ಮೊದಲ ವಾರದಿಂದಲೇ ನಾಲ್ಕಾರು ಮಂದಿಯನ್ನು ಬಳಿಗೆ ಸೇರಿಸಿಕೊಂಡು, ತಾನು ಕಲಿತುದನ್ನೆಲ್ಲ ಅವರ ಕೈಯಲ್ಲಿ ಮಾಡಿಸಬೇಕು. ಅಂಟಿಸುವುದು, ಸಂಖ್ಯೆ ಬರೆಯುವುದು, ನೋಟುಬುಕ್ಕಿನಲ್ಲಿ ಗುರುತು ಹಾಕುವುದು, ಚಿಕ್ಕವರಿಗೆ ಪುಸ್ತಕ ಆರಿಸಿಕೊಡುವುದು ಹದಿನಾಲ್ಕು ವರ್ಷದವರಿಗೆ ಮೀರಿದ ಕೆಲಸಗಳಲ್ಲ. ಎಂಟನೆಯ ತರಗತಿಯವರಿಗೆ ಯಾವ ಪುಸ್ತಕ ಹಿಡಿಸೀತೆಂಬುದು ದೊಡ್ಡವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಬೀಗದ ಕೈಯನ್ನು ವಿದ್ಯಾರ್ಥಿಗಳಿಗೆ ಕೊಡುವುದೆಂದರೆ ಮುಖ್ಯೋಪಾಧ್ಯಾಯರು ಹಿಂಜರಿಯುವುದು ಸಹಜ. ಮೊದಮೊದಲು ಅದನ್ನು ಸೆಳೆಖಾನೆಯಿಂದ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರೂ ಸಾಕು. ಮಧ್ಯಾಹ್ನದ ಊಟದ ಗಂಟೆ ಬಾರಿಸಿದಾಗ, ಸರದಿಯ ಇಬ್ಬರು ಕೈ ತೊಳೆದು ಒರಸಿಕೊಂಡು ಬಂದು, ಅದನ್ನು ತೆಗೆದುಕೊಂಡು, ಕಪಾಟಿನ ಬಾಗಿಲನ್ನು ತೆರೆದು, ನೋಟುಬುಕ್ಕಿನಲ್ಲಿ ಆ ದಿನದ ತಾರೀಕನ್ನು ಬರೆಯಲಿ.